ಅರಳೆಯ ನಡಿಗೆ

ನಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವರು ಪಾದದ ಅಳತೆ ತೆಗೆಯುವ ಮೊದಲು, ಈಗ ಯಾರನ್ನು ಓದುತ್ತಿದ್ದೀರಿ ಎಂದು ಕೇಳುತ್ತಾರೆ. ಅಟ್ಟೆ ಯಾವ ಕಡೆ ಸವೆಯುತ್ತದೆ ಎನ್ನುವುದು ಅವರಿಗೆ ಗೊತ್ತಾಗಬೇಕಲ್ಲ. ಒಬ್ಬ ಬರಹಗಾರನನ್ನು ಮನಸಾರೆ, ಬಹಳ ಕಾಲ ಓದಿದವರಿಗೆ ಆ ಬರಹಗಾರನ ನಡಿಗೆ ಬಂದುಬಿಡುತ್ತದೆ. ಮೇಲೆ ಮೇಲೆ ಓದಿದವರಿಗೆ ಬರುವುದಿಲ್ಲ. ಪರೀಕ್ಷೆಗೆಂದು ಓದಿದವರಿಗಂತೂ ಇಲ್ಲವೇ ಇಲ್ಲ. ಹಾಗಿಲ್ಲದಿದ್ದರೆ ನಮ್ಮ ಶಾಲೆಯ ಮಕ್ಕಳೆಲ್ಲ ಪಠ್ಯಪುಸ್ತಕದ ಕವಿಗಳ ಹಾಗೆ ಬೆನ್ನು ಬಾಗಿಸಿ ಓಡಾಡಬೇಕಾಗಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಗೆ ನಾಲ್ಕು ಹೆಜ್ಜೆ ನಡೆದು ತೋರಿಸಮ್ಮ ಎನ್ನುವುದು ಎಲ್ಲ ಊರುಗಳಲ್ಲೂ ಇದೆಯಂತೆ. ನಮ್ಮಲ್ಲಿ ಹಾಗೆ ಕೇಳುವುದು ಕಾಲು ನೋಡಲು ಅಲ್ಲ, ಮನಸ್ಸು ಎಲ್ಲಿದೆ ಎಂದು ನೋಡಲು. ನಮ್ಮಪ್ಪನ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಮಾತ್ರ ದಿನವಿಡೀ ಎಲ್ಲರನ್ನೂ ಓದಿಯೂ ತಮ್ಮ ತಮ್ಮ ನಡಿಗೆಯಲ್ಲೇ ಮನೆಗೆ ಹೋಗುತ್ತಿದ್ದರು. ಅವರ ಕಣ್ಣು ಅಕ್ಷರದ ಮೇಲಿರುತ್ತಿತ್ತು, ಮಾತಿನ ಮೇಲಲ್ಲ.

ನಾನು ಕುಂಟುತ್ತೇನೆ. ಅದು ರೇವಣಪ್ಪ ಮಾಸ್ತರರ ಕುಂಟು. ಅವರು ಹುಡುಗರಿದ್ದಾಗ ಹುಣಸೆಮರದಿಂದ ಬಿದ್ದು ಬಲಗಾಲು ಮುರಿದು, ಅದು ಸೊಟ್ಟಗೆ ಕೂಡಿಕೊಂಡಿತ್ತು. ಆ ಕಾಲನ್ನು ಎಳೆದುಕೊಂಡು ಸ್ವಲ್ಪ ದೂರ ನಡೆಯುತ್ತಿದ್ದರು, ಏನೋ ಬೀಳಿಸಿಕೊಂಡವರ ಹಾಗೆ ನಿಂತು ನೆಲ ನೋಡುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಅವರ ಕಥೆಗಳೂ ಹಾಗೇ ಇದ್ದವು. ನಡುವೆ ಎಲ್ಲೋ ನಿಂತುಬಿಡುತ್ತಿದ್ದವು, ಓದುತ್ತಿದ್ದವರೂ ನಿಂತು ಕೆಳಗೆ ನೋಡಬೇಕಾಗುತ್ತಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿದ್ದಾಗಲೇ ಅವರನ್ನು ಓದಲು ಹಿಡಿದಿದ್ದೆ. ಒಂದು ದಿನ ಕೊಡ ಹೊತ್ತು ಅಂಗಳ ದಾಟುವಾಗ ಅವ್ವ ನನ್ನನ್ನೇ ನೋಡುತ್ತ ನಿಂತಳು. "ಈ ಊರಾಗ ಓದಾಕ ನಿನಗ ನೆಟ್ಟಗ ನಡಿಯೋರು ಯಾರೂ ಸಿಗಲಿಲ್ಲೇನ ಇಂದೂ?" ಎಂದಳು. ಬಂದ ಎರಡು ಸಂಬಂಧಗಳು ಅದೇ ಕಾರಣಕ್ಕೆ ತಪ್ಪಿದವು. ನನಗೆ ಬೇಸರವೇನೂ ಆಗಲಿಲ್ಲ. ಆಗಲೇ ನಾನು ಕಥೆ ಬರೆಯಲು ಶುರುಮಾಡಿದ್ದೆ.

ದಸ್ತಗೀರನನ್ನು ಮೊದಲು ನೋಡಿದ್ದು ಅಚ್ಚುಕೂಟದ ಮುಂದಿನ ಬೀದಿಯಲ್ಲಿ. ಪಿಂಜಾರ ಓಣಿಯ ಗಾದಿ ಅಂಗಡಿಯವರ ಮಗ, ನನ್ನ ಓರಗೆಯವನು. ನಾನು ಈ ಕಡೆಯಿಂದ ಹೋಗುತ್ತಿದ್ದೆ, ಅವನು ಆ ಕಡೆಯಿಂದ ಬರುತ್ತಿದ್ದ. ಇಬ್ಬರೂ ಬಲಗಾಲು ಎಳೆಯುತ್ತಿದ್ದೆವು. ಬೀದಿಯ ನಡುವೆ ಇಬ್ಬರೂ ಒಂದೇ ಸಲಕ್ಕೆ ನಿಂತು ನೆಲ ನೋಡಿದೆವು. ತಲೆಯೆತ್ತಿದಾಗ ಅವನಿಗೆ ನಗು ತಡೆಯಲಾಗಲಿಲ್ಲ.

"ಎಷ್ಟು ವರ್ಷಾತ್ರಿ ನಿಮಗ ಇದು?" ಎಂದು ಕೇಳಿದ, ಯಾವುದೋ ಕಾಯಿಲೆಯನ್ನು ವಿಚಾರಿಸುವವರ ಹಾಗೆ.

ಅವನ ಕೈಯಲ್ಲಿ ಒಂದು ಕಥೆ ಇತ್ತು. ಅಪ್ಪ ನಡೆಸುತ್ತಿದ್ದ ವಾರಪತ್ರಿಕೆಗೆ ಕೊಡಲು ಬಂದಿದ್ದ. ನಾನದನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಮುಗಿಸುವಷ್ಟರಲ್ಲಿ, ನಾವಿಬ್ಬರೂ ಒಬ್ಬರದೇ ನಡಿಗೆ ನಡೆಯುತ್ತಿದ್ದರೂ ಅವನು ನನಗಿಂತ ಬಹಳ ದೂರ ಹೋಗುತ್ತಾನೆ ಎಂದು ನನಗೆ ತಿಳಿದಿತ್ತು.

ಅಂದಿನಿಂದ ಸಂಜೆ ನಾವಿಬ್ಬರೂ ಮಾಸ್ತರರ ಮನೆಗೆ ಹೋಗುವುದು ರೂಢಿಯಾಯಿತು. ಅವರ ಹೆಂಡತಿ ಕಾಶಕ್ಕ ಮಂಡಕ್ಕಿಗೆ ಎಣ್ಣೆ, ಖಾರ ಕಲಸಿ ದೊಡ್ಡ ಪರಾತದಲ್ಲಿ ತಂದಿಡುತ್ತಿದ್ದಳು. ಕಾಶಕ್ಕನಿಗೆ ಓದು ಬರುತ್ತಿರಲಿಲ್ಲ. ಕಲಿಸುತ್ತೇನೆ ಎಂದು ಮಾಸ್ತರರು ಮದುವೆಯಾದ ಹೊಸದರಲ್ಲಿ ಪಾಟಿ, ಬಳಪ ತಂದಿದ್ದರಂತೆ. "ಊರ ಮಂದಿ ಎಲ್ಲಾ ನಿಮ್ಮಂಗ ಕುಂಟಾಕತ್ತಾರ, ಮನ್ಯಾಗ ಒಬ್ಬರರ ನೆಟ್ಟಗ ಇರಬೇಕಲ್ಲ" ಎಂದು ಆಕೆ ಆ ಪಾಟಿಯನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದ್ದಳು. ನಾವು ನಮ್ಮ ಕಥೆ ಓದಿದರೆ ಮಾಸ್ತರರು ತಿದ್ದುತ್ತಿರಲಿಲ್ಲ. ಚೆನ್ನಾಗಿದೆ, ಇಲ್ಲ ಎನ್ನುತ್ತಲೂ ಇರಲಿಲ್ಲ. ಎಲ್ಲ ಕೇಳಿ, ಒಂದು ಪ್ರಶ್ನೆ ಹಾಕುತ್ತಿದ್ದರು. ಗಂಡ ಬಿಟ್ಟುಹೋದ ಹೆಂಗಸಿನ ಕಥೆ ಓದಿದಾಗ ನನ್ನನ್ನು, "ಅವತ್ತ ಆಕಿ ಏನ್ ಉಂಡಳು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅದೊಂದನ್ನು ಯೋಚಿಸಿದ್ದಕ್ಕೆ ಕಥೆ ಪೂರ್ತಿ ಬೇರೆಯಾಯಿತು. ದಸ್ತಗೀರನಿಗಾದರೆ ಅವರ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಅವನು ಉತ್ತರ ಹೇಳುವಾಗ ಮಾಸ್ತರರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಅವನ ಎರಡನೆಯ ಸಂಕಲನ ಬಂದಾಗ ಪುರಸಭೆಯ ಸಭಾಭವನದಲ್ಲಿ ದೊಡ್ಡ ಸಮಾರಂಭವಾಯಿತು. ಹೊರಗಿನಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದ್ದರು. ಅವರು ಬಹಳ ಹೊತ್ತು ಹೊಗಳಿ ಕೊನೆಯಲ್ಲಿ, "ಒಂದೇ ಕೊರತೆ. ಈ ಕಥೆಗಳಿಗೆ ಸ್ವಂತ ಕಾಲಿಲ್ಲ. ಇವು ರೇವಣಪ್ಪನವರ ಕಾಲಿನಿಂದ ನಡೆಯುತ್ತಿವೆ" ಎಂದರು. ಅದಾದ ಮೇಲೆ ದಸ್ತಗೀರನ ಹೆಸರು ಕರೆದರು. ಅವನು ಹಿಂದಿನ ಸಾಲಿನಲ್ಲಿ ಕೂತಿದ್ದ. ವೇದಿಕೆಯವರೆಗೆ ನಡೆದು ಹೋಗಬೇಕಾಗಿತ್ತು. ಬಲಗಾಲು ಎಳೆಯುತ್ತ ಬಂದ. ಆದಷ್ಟು ಬೇಗ ಬರಲು ನೋಡಿದ. ಆದರೆ ಅರ್ಧ ದಾರಿಗೆ ಬಂದಾಗ ಅವನ ಕಾಲು ನಿಂತಿತು, ಅವನು ನೆಲ ನೋಡಿದ. ಯಾರೋ ಒಬ್ಬರು ನಕ್ಕರು. ಆಮೇಲೆ ಸಭೆಯೆಲ್ಲ ನಕ್ಕಿತು.

ಮಾಸ್ತರರು ಮೊದಲ ಸಾಲಿನಲ್ಲಿದ್ದರು. ತಿರುಗಿ ನೋಡಿದ ಅವರ ಮುಖದಲ್ಲೂ ನಗುವಿತ್ತು. ಹೆಜ್ಜೆಯಿಡಲು ಕಲಿಯುವ ಮಗುವನ್ನು ನೋಡಿದಾಗ ಬರುತ್ತದಲ್ಲ, ಅಂಥ ನಗು. ಪಕ್ಕದಲ್ಲೇ ಕೂತಿದ್ದ ನನಗೆ ಅದು ತಿಳಿಯಿತು. ದಸ್ತಗೀರನಿಗೆ ಕಂಡದ್ದು ನಗು ಮಾತ್ರ.

ಮರುದಿನ ಬೆಳಿಗ್ಗೆ ಅವನು ಅರಳೆ ತುಂಬದ ಗಾದಿಯ ಖೋಳಿನಲ್ಲಿ ಮಾಸ್ತರರ ಪುಸ್ತಕಗಳನ್ನೆಲ್ಲ ತುಂಬಿಕೊಂಡು ಅವರ ಮನೆಗೆ ಬಂದ. ಪ್ರೂಫ್ ಹಾಳೆ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ಅವನು ಒಳಗೆ ಬರಲಿಲ್ಲ. ಹೊಸಿಲ ಹತ್ತಿರ ಗಂಟು ಇಳಿಸಿ ಹೇಳಿದ, "ಇವು ನಿಮ್ಮ ಹಂತೇಕ ಇರ್ಲಿ ಸರ್. ನನಗ ನನ್ನ ಕಾಲು ಬೇಕಾಗೇತಿ."

ಮಾಸ್ತರರು ಗಂಟನ್ನು ನೋಡಿದರು. "ತಗೊಂಡು ಹೋಗಪಾ. ನಿನ್ನ ಕಾಲು ಇಟ್ಕೊಂಡು ನಾ ಏನ್ ಮಾಡ್ಲಿ?" ಎಂದರು.

ಅವರು ತಮಾಷೆಗೆ ಹೇಳಿದ್ದರು. ಅವನು ಅದನ್ನು ನಿಜವೆಂದೇ ತೆಗೆದುಕೊಂಡು, ತಲೆಬಾಗಿ ನಮಸ್ಕಾರ ಮಾಡಿ ಹೊರಟುಹೋದ. ಕಾಶಕ್ಕ ಒಳಗಿನಿಂದ ಚಹಾ ತಂದಾಗ ಹೊಸಿಲ ಬಳಿ ಗಂಟು ಮಾತ್ರ ಇತ್ತು.

ದಸ್ತಗೀರ ಆಮೇಲೆ ಯಾರನ್ನೂ ಓದಲಿಲ್ಲ. ದಿನಪತ್ರಿಕೆ ಕೂಡ ಬೇರೆಯವರ ಬಾಯಿಂದ ಕೇಳುತ್ತಿದ್ದ. ಬೇಸಿಗೆ ಕಳೆಯುವಷ್ಟರಲ್ಲಿ ಕುಂಟು ಸಡಿಲವಾಯಿತು. ಮಳೆ ಬೀಳುವ ಹೊತ್ತಿಗೆ ಹೊರಟೇ ಹೋಯಿತು. ಅದರ ಅಡಿಯಿಂದ ಒಂದು ನಡಿಗೆ ಮೇಲೆ ಬಂತು. ಒಂದೊಂದೇ ಪಾದವನ್ನು ಎತ್ತರಕ್ಕೆ ಎತ್ತಿ, ಮುಂದೆ ಚಾಚಿ, ಮೆಲ್ಲಗೆ ಇಳಿಸುತ್ತಿದ್ದ. ಮೊಣಕಾಲುದ್ದ ಅರಳೆಯಲ್ಲಿ ಆಡಿ ಬೆಳೆದ ಹುಡುಗನ ನಡಿಗೆ. ನಾನು ಅದನ್ನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಅವನಿಗೇ ಅದು ಮರೆತುಹೋಗಿತ್ತು. ಅಂಗಡಿಯ ಮುಂದೆ ಹೋಗಿ ಬಂದು ಮಾಡುತ್ತ, "ಇದು ನಂದ ಐತೇನ ಇಂದೂ?" ಎಂದು ಕೇಳಿದ. "ನಿಂದ. ನಿಮ್ಮವ್ವನ್ನ ಕೇಳು ಬೇಕಾದ್ರ" ಎಂದೆ. ಒಳಗಿನಿಂದ ಅವನ ತಾಯಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು.

ಆ ನಡಿಗೆಯಲ್ಲಿ ಅವನು ಬರೆದ ಮೂರನೆಯ ಪುಸ್ತಕ ನಮ್ಮ ಅಚ್ಚುಕೂಟದಲ್ಲೇ ಅಚ್ಚಾಯಿತು. ಗಾದಿ ಹೊಲಿಯುವವರ, ಅರಳೆ ಹಿಂಜುವವರ, ಹೊಸ ಗಾದಿಯ ಮೇಲೆ ಮೊದಲ ದಿನ ಮಲಗಿದವರ ಕಥೆಗಳು. ಅದರಷ್ಟು ಒಳ್ಳೆಯ ಪುಸ್ತಕ ನಮ್ಮೂರಿನಿಂದ ಬಂದಿಲ್ಲ. ರೇಡಿಯೋದವರು ಅವನನ್ನು ಕರೆಸಿ, ನಿಮ್ಮ ಮೇಲೆ ಯಾರ ಪ್ರಭಾವವಿದೆ ಎಂದು ಕೇಳಿದರು. "ಯಾರದೂ ಇಲ್ಲ. ನಾನು ಯಾರನ್ನೂ ಓದುವುದಿಲ್ಲ" ಎಂದ. ನಾನು ಅದನ್ನು ಮಾಸ್ತರರ ಮನೆಯಲ್ಲಿ ಅವರ ಜೊತೆ ಕೂತೇ ಕೇಳಿದೆ. ಅವರು ಎದ್ದು ರೇಡಿಯೋ ಆರಿಸಿದರು. "ಧ್ವನಿ ಚಲೋ ಐತಿ ಅವಂದು" ಎಂದರು. ಮತ್ತೆ ಬಂದು ಕೂತು, "ಆ ಪುಸ್ತಕದ ಪ್ರತಿ ನಿನ್ನ ಹಂತೇಕ ಐತೇನು? ಒಂದು ಕೊಡು" ಎಂದರು.

ನಾನು ಕೊಟ್ಟೆ. ದೀಪಾವಳಿಯ ಹೊತ್ತಿಗೆ ಹೊಲಿಗೆ ಬಿಚ್ಚಿಹೋಗಿದೆ ಎಂದು ವಾಪಸು ತಂದರು. ಹಾಳೆಗಳ ಅಂಚು ಎಣ್ಣೆಬೆರಳಿನಿಂದ ಕಂದಾಗಿತ್ತು. ಹೊಲಿದು ಕೊಟ್ಟೆ. ಆಮೇಲೆ ಅವನ ಮೊದಲಿನ ಎರಡು ಪುಸ್ತಕಗಳನ್ನೂ ಕೇಳಿ ಒಯ್ದರು. ನನ್ನ ಪುಸ್ತಕಗಳು ಅವರ ಮನೆಯಲ್ಲಿ ಅಚ್ಚುಕಟ್ಟಾಗಿ, ಹೊಲಿಗೆ ಬಿಚ್ಚದೆ ಇದ್ದವು. ಅದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಬೆಳಿಗ್ಗೆ ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ದಸ್ತಗೀರ ಹೋಗುತ್ತಿದ್ದಾನೆ ಎಂದು ಹಿಂದಿನಿಂದ ಕೂಗಿದೆ. ತಿರುಗಿದವರು ರೇವಣಪ್ಪ ಮಾಸ್ತರರು. ಕೈಯಲ್ಲಿ ಮೆಂತ್ಯದ ಸಿವುಡು. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಎತ್ತರಕ್ಕೆ ಎತ್ತಿ ಮೆಲ್ಲಗೆ ಇಳಿಸುತ್ತ ನನ್ನ ಕಡೆಗೆ ಬಂದರು.

"ಹುಣಸಿ ಗಿಡದಿಂದ ಬಿದ್ದಾಗಿಂದ ಈ ಕಾಲು ನೆಲ ಬಿಟ್ಟಿದ್ದಿಲ್ಲ ನೋಡು" ಎಂದರು.

"ನೋಯಂಗಿಲ್ಲೇನ್ರಿ?"

"ಭಾಳ ನೋಯ್ತೈತಿ. ಎಲುಬು ಸೊಟ್ಟ ಇದ್ದದ್ದು ಸೊಟ್ಟನ ಐತಿ. ಆದ್ರ ಎತ್ತಿದಾಗ ಹೆಂಗ ಅನಸ್ತೈತಿ ಗೊತ್ತೇನು? ಕೆಳಗ ಏನೋ ಮೆತ್ತಂದು ಹಾಸ್ಯಾರ ಅನಸ್ತೈತಿ."

ಎಲುಬು ಕೂಡಿಸುವ ಪರಮೇಶಿ ಅವರಿಗೆ ಆ ಪುಸ್ತಕ ಮುಚ್ಚಿಡಿ, ಇಲ್ಲದಿದ್ದರೆ ಎಲ್ಲಾದರೂ ಬೀಳುತ್ತೀರಿ ಎಂದು ಹೇಳಿದ್ದನಂತೆ. "ಇನ್ನೊಂದ ಸಲ ಓದಿ ಮುಚ್ಚತೇನಿ ಅಂದೀನಿ" ಎಂದು ಮಾಸ್ತರರು ನಕ್ಕರು.

"ದಸ್ತಗೀರಗ ಹೇಳ್ಲೇನ್ರಿ?" ಎಂದು ಕೇಳಿದೆ.

ಅವರು ಮೆಂತ್ಯದ ಬೇರಿನ ಮಣ್ಣು ಕೊಡವಿದರು. "ಹೇಳಿದ್ರ ಹೇಳು. ಕರಿಯಾಕ ಮಾತ್ರ ಹೋಗಬ್ಯಾಡ. ಬರೂದಿದ್ರ ತಾನ ಬರ್ಲಿ."

ನಾನು ನೇರ ಗಾದಿ ಅಂಗಡಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ದಸ್ತಗೀರ ಹಿಂಜುವ ಬಿಲ್ಲನ್ನು ಪಕ್ಕಕ್ಕಿಟ್ಟು ಕೇಳಿದ. ಅವನ ರೆಪ್ಪೆಯ ಮೇಲೂ ಅರಳೆ ಕೂತಿತ್ತು. ಎಲ್ಲ ಕೇಳಿ ತಲೆಯಾಡಿಸಿದ.

"ನೀ ಕಥಿ ಬರಿಯಾಕಿ ಇಂದೂ. ನಮ್ಮಿಬ್ಬರನ್ನ ಕೂಡಸಾಕ ಒಂದು ಕಥಿ ಕಟ್ಟೀದಿ. ಚಲೋ ಕಥೀನ ಐತಿ."

"ಕಥಿ ಅಲ್ಲೋ. ನನ್ನ ಕಣ್ಣಾರೆ ನೋಡೀನಿ."

"ಮುರದ ಕಾಲು ಓದಿದ್ರ ನೆಟ್ಟಗ ಆಕ್ಕೈತೇನು? ಅದೂ ನನ್ನಂಥಾವನ್ನ ಓದಿದ್ರ? ಅವರು ರೇವಣಪ್ಪ ಮಾಸ್ತರ. ಅವರ ನಡಿಗಿ ಬಿಡಸಾಕ ಯಾರಿಂದ ಆಕ್ಕೈತಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗುರುವಿನ ಬಗ್ಗೆ ಅವನಿಗಿದ್ದ ಗೌರವವೇ ಅವನನ್ನು ನಂಬಲು ಬಿಡಲಿಲ್ಲ. ಬಂದು ನೋಡು ಎಂದೆ. ಮದುವೆ ಸೀಜನ್ನು, ಕೈತುಂಬ ಗಾದಿಗಳಿವೆ, ಮುಗಿದ ಮೇಲೆ ಬರುತ್ತೇನೆ ಎಂದ. ಬರುತ್ತೇನೆ ಎಂದದ್ದು ನಿಜವಾಗಿಯೇ ಎಂದು ನನಗೆ ಅನ್ನಿಸಿತು. ನಾನು ಮತ್ತೆ ಒತ್ತಾಯಿಸಲಿಲ್ಲ.

ಮದುವೆಗಳು ಮುಗಿಯುವ ಮೊದಲೇ ಮಾಸ್ತರರು ವಾಚನಾಲಯದ ಮೆಟ್ಟಿಲ ಮೇಲೆ ಬಿದ್ದರು. ಬಲಗಾಲು ಎತ್ತಿದ್ದರಂತೆ, ಇಳಿಸುವಾಗ ಅದು ಭಾರ ತಾಳಲಿಲ್ಲ. ಸೊಂಟ ಮುರಿಯಿತು. ಹಾಸಿಗೆ ಹಿಡಿದರು, ಜ್ವರ ಬಂತು. ಸುದ್ದಿ ಕೇಳಿದ ದಿನವೇ ದಸ್ತಗೀರ ಬಂದ. ಅವನು ಆ ಹೊಸಿಲು ದಾಟಿ ಎಷ್ಟೋ ವರ್ಷಗಳಾಗಿದ್ದವು. ಮಾಸ್ತರರು ಅವನನ್ನು ನೋಡಿ, "ಬಾರಪಾ, ಕುಂದ್ರು" ಎಂದರು, ನಿನ್ನೆ ಸಂಜೆ ಬಂದು ಹೋದವನಿಗೆ ಹೇಳಿದ ಹಾಗೆ.

ಅವನು ಕೂತ. ಅವರ ಹಾಸಿಗೆಯ ಮೇಲೆ ಕೈಯಾಡಿಸಿದ. ಅರಳೆ ಗಂಟುಗಂಟಾಗಿತ್ತು. "ಇದರ ಮ್ಯಾಲೆ ಹೆಂಗ ಮಲಗೀರಿ ಸರ್" ಎಂದು ಎದ್ದು, ಅವರನ್ನು ಚಾಪೆಗೆ ಸರಿಸಿ, ಗಾದಿಯನ್ನು ಅಂಗಳಕ್ಕೆ ಒಯ್ದು ಬಿಚ್ಚಿದ. ಅಂಗಡಿಯಿಂದ ಬಿಲ್ಲು ತಂದು ಮಧ್ಯಾಹ್ನವೆಲ್ಲ ಹಿಂಜಿದ. ಬಿಲ್ಲಿನ ನಾರಿಯ ಝುಂಯ್ ಝುಂಯ್ ಸದ್ದು ಒಳಗೆ ಬರುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮತ್ತೆ ಗಾದಿ ಹೊಲಿದು ಹಾಸಿ ಮಲಗಿಸಿದಾಗ ಅವರು, "ಹೊಸಾದು ಏನರ ಬರದೀಯೇನು?" ಎಂದು ಕೇಳಿದರು.

"ಇಲ್ರಿ ಸರ್."

"ಬರಿ. ಮನ್ಯಾಗ ಓದಾಕ ಏನೂ ಉಳದಿಲ್ಲ."

ಅದನ್ನು ಅವನು ಮುದುಕರ ಸುಮ್ಮನೆ ಮಾತು ಎಂದುಕೊಂಡ. ಹೂಂ ಎಂದು ಅವರ ಹೊದಿಕೆ ಸರಿಮಾಡಿದ. ನಾನು ಬಾಗಿಲ ಬಳಿ ನಿಂತು, ಈಗ ಇವನು ಏನಾದರೂ ಹೇಳುತ್ತಾನೆ, ಇಲ್ಲ ಅವರು ಹೇಳುತ್ತಾರೆ ಎಂದು ಕಾದೆ. ಇಬ್ಬರೂ ಹೇಳಲಿಲ್ಲ. ಆ ವಾರದಲ್ಲೇ ಅವರು ತೀರಿಕೊಂಡರು.

ಮಣ್ಣು ಕೊಡಲು ಊರೇ ಬಂದಿತ್ತು. ಹಳೆಯ ಓದುಗರೆಲ್ಲ ಬಲಗಾಲು ಎಳೆಯುತ್ತ, ನಡುನಡುವೆ ನಿಲ್ಲುತ್ತ ಹೆಣದ ಹಿಂದೆ ಹೋದರು. ಅವರ ನಡುವೆ ನೆಟ್ಟಗೆ, ಪಾದ ಎತ್ತಿ ನಡೆಯುತ್ತಿದ್ದವನು ದಸ್ತಗೀರ. ಕೆಲವರು ಅವನನ್ನು ಒಂದು ಥರ ನೋಡಿದರು. ಅವನು ತಲೆ ತಗ್ಗಿಸಿದ್ದ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಕಾಶಕ್ಕನನ್ನು ನೋಡಲು ಹೋದೆವು. ಆಕೆ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ಕೂರಿಸಿದಳು, ಅದೂ ಇದೂ ಮಾತಾಡಿದಳು. ಆಮೇಲೆ, "ದಸ್ತಗೀರಾ, ಒಂದು ಕೆಲಸ ಮಾಡ್ತೀಯೇನು" ಎಂದಳು.

"ಹೇಳ್ರಿ ಅಕ್ಕಾ."

"ಆ ತುಳಸಿಕಟ್ಟಿತನಕ ಹೋಗಿ ಹೊಳ್ಳಿ ಬಾ."

ಅವನು ಏನಾದರೂ ತರಬೇಕೆಂದುಕೊಂಡು ಹೋದ. ಅಲ್ಲಿ ಏನೂ ಇರಲಿಲ್ಲ. ತಿರುಗಿ ನೋಡಿದ.

"ಏನಿಲ್ಲ, ಸುಮ್ನ ಬಾ" ಎಂದಳು ಕಾಶಕ್ಕ. ಅವನು ಬಂದ. ಆಕೆಯ ಕಣ್ಣು ಅವನ ಮುಖದ ಮೇಲಿರಲಿಲ್ಲ, ಪಾದಗಳ ಮೇಲಿತ್ತು. "ಹೂಂ. ಹಿಂಗ. ಹಿಂಗ ನಡೀತಿದ್ರು. ಲಗ್ನಾದಾಗಿಂದ ನಾ ಅವರು ಕಾಲು ಎಳಕೊಂಡು ಹೋಗೂದ ನೋಡಿದ್ದೆ. ಈ ವರ್ಷ ಈ ಅಂಗಳದಾಗ ಹಿಂಗ ಅಡ್ಡಾಡಿದ್ರು, ನಿನ್ನ ಪುಸ್ತಕ ಕೈಯಾಗ ಹಿಡಕೊಂಡು. ಬೀಳ್ತೀರಿ, ಬಿಡ್ರಿ ಅಂತ ಬೈದೆ. ಬಿಡಲಿಲ್ಲ. ನನಗ ಓದಾಕ ಬರಂಗಿಲ್ಲ, ಅದರಾಗ ಏನೈತಿ ಗೊತ್ತಿಲ್ಲ. ಅವರು ಅಷ್ಟು ಖುಷಿಲೆ ಇದ್ದದ್ದು ಮಾತ್ರ ನೋಡೀನಿ. ಊರ ತುಂಬ ಅವರ ಕುಂಟು ಐತಿ. ಇದು ಎಲ್ಲೂ ಇಲ್ಲ. ಇನ್ನೊಂದ ಸಲ ಹೋಗಿ ಬಾರೋ ತಮ್ಮಾ."

ದಸ್ತಗೀರ ನನ್ನ ಕಡೆ ನೋಡಿದ. ಹೇಳುವುದನ್ನು ನಾನು ಮೊದಲೇ ಹೇಳಿದ್ದೆ. ಅವನು ತುಳಸಿಕಟ್ಟೆಯವರೆಗೆ ಹೋದ, ಬಂದ, ಮತ್ತೆ ಹೋದ. ಕಾಶಕ್ಕ ಸಾಕು ಎನ್ನಲಿಲ್ಲ. ಅವನೂ ನಿಲ್ಲಲಿಲ್ಲ. ಬಿಸಿಲು ಅಂಗಳಕ್ಕೆ ಪೂರ್ತಿ ಬರುವವರೆಗೂ ಅವನು ಮುಖದ ಮೇಲಿನ ನೀರನ್ನು ಒರೆಸಿಕೊಳ್ಳದೆ ಹೋಗಿ ಬಂದು ಮಾಡುತ್ತಿದ್ದ.

ಅಂದಿನಿಂದ ದಿನಾ ಬೆಳಿಗ್ಗೆ ಅವನು ಅಲ್ಲಿಗೆ ಹೋಗುತ್ತಾನೆ. ಆಕೆ ಕಟ್ಟೆಯ ಮೇಲೆ ಕೂತು ನೋಡುತ್ತಾಳೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಾರೆ. ಇದರಿಂದ ಅವನಿಗೆ ಬಂದ ಕಷ್ಟ ಊರಿಗೆ ಗೊತ್ತಿಲ್ಲ. ಮಾಸ್ತರರನ್ನು ಮತ್ತೆ ಓದಬೇಕೆಂಬ ಆಸೆ ಅವನಿಗೆ ಈಗ ಹಸಿವಿನ ಹಾಗೆ ಹಿಡಿದಿದೆ. ಓದಿದರೆ ಮನಸಾರೆಯೇ ಓದುತ್ತಾನೆ, ಅವರ ಕುಂಟು ಬಂದುಬಿಡುತ್ತದೆ, ಕಾಶಕ್ಕನ ಅಂಗಳದ ಈ ನಡಿಗೆ ಹೋಗಿಬಿಡುತ್ತದೆ. ಹೀಗಾಗಿ ಅವನು ಮಾಸ್ತರರನ್ನು ಮುಟ್ಟುವುದಿಲ್ಲ, ಬೇರೆ ಯಾರನ್ನೂ ಮುಟ್ಟುವುದಿಲ್ಲ. ಒಮ್ಮೆ ಹಟಕ್ಕೆಂದು ಬಿಟ್ಟ ಓದನ್ನು ಈಗ ಆಕೆಗಾಗಿ ಬಿಟ್ಟಿದ್ದಾನೆ. ಯಾರನ್ನೂ ಓದದೆ ಎಷ್ಟು ದಿನ ಬರೆಯಲು ಬರುತ್ತದೆ? ನಾಲ್ಕನೆಯ ಪುಸ್ತಕ ಬರಲೇ ಇಲ್ಲ. ಮಾಸ್ತರರಿದ್ದಿದ್ದರೆ ಯಾವ ಪ್ರಶ್ನೆ ಕೇಳುತ್ತಿದ್ದರೋ ಎಂದು ಆಗಾಗ ನನ್ನನ್ನು ಕೇಳುತ್ತಾನೆ.

ಮಾಸ್ತರರು ಕೊನೆಯ ವರ್ಷ ಬರೆದ ಕಥೆಗಳನ್ನು ಈ ಯುಗಾದಿಗೆ ನಾನು ಅಚ್ಚುಹಾಕಿದೆ. ಶಿಷ್ಯನ ಗಾಳಿ ಹೊಡೆದು ಮುದುಕರು ಕೊನೆಗಾಲದಲ್ಲಿ ದಾರಿ ತಪ್ಪಿದರು ಎಂದು ಒಬ್ಬರು ಬರೆದರು. ಅವರ ಎಲ್ಲ ಪುಸ್ತಕಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದೇ. ಇದನ್ನು ಓದಿದ ಕಾಲೇಜು ಹುಡುಗಿಯರಿಬ್ಬರು ಪಾದವನ್ನು ಎತ್ತರಕ್ಕೆ ಎತ್ತಿ, ಗಾಳಿಯಲ್ಲೇ ಒಂದು ಕ್ಷಣ ತಡೆದು, ಆಮೇಲೆ ಇಳಿಸುತ್ತ ಹೋಗುವುದನ್ನು ನೋಡಿದೆ. ಅಂಥ ನಡಿಗೆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಮೊನ್ನೆ ದಸ್ತಗೀರ ಅಚ್ಚುಕೂಟಕ್ಕೆ ಬಂದ. ಆ ಪುಸ್ತಕ ಮೇಜಿನ ಮೇಲಿತ್ತು. ಕೈಯನ್ನು ಹಿಂದೆ ಕಟ್ಟಿಕೊಂಡು ಅದರ ರಟ್ಟನ್ನು ನೋಡಿದ.

"ಚಲೋ ಅದಾವೇನು?"

"ಅದಾವ."

"ಯಾವುದರ ಒಂದು ಹೇಳು. ಸ್ವಲ್ಪ ಹೇಳು ಸಾಕು."

ಹೇಳಿದೆ. ಮಗಳ ಮದುವೆಗೆ ಗಾದಿ ಮಾಡಿಸಲು ಬಂದ ಒಬ್ಬ ತಾಯಿ. ಅರಳೆ ಸಾಲದು ಎಂದು ಅಂಗಡಿಯವನು ಹೇಳುತ್ತಾನೆ. ಆಕೆ ಮನೆಗೆ ಹೋಗಿ, ತಾನು ಬಸುರಿಯಿದ್ದಾಗ ಮಲಗುತ್ತಿದ್ದ ಹಳೆಯ ದಿಂಬನ್ನು ಬಿಚ್ಚಲು ಕೂರುತ್ತಾಳೆ. ಅಲ್ಲಿಗೆ ಬಂದಾಗ ದಸ್ತಗೀರ ಕೈಯೆತ್ತಿದ.

"ಸಾಕು ಇಂದೂ. ಇನ್ನೊಂದು ಮಾತು ಹೇಳಿದ್ರ ನಾ ಓದೇ ಬಿಡತೇನಿ."

"ಓದು. ಹಿಂಗ ಎಷ್ಟು ದಿನ ಇರ್ತಿ?"

"ಕಾಶಕ್ಕ ಇರೂತನಕ" ಎಂದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು. ಮುಖ ಸಣ್ಣದಾಯಿತು. "ಇರ್ಲಿ ಆಕಿ. ಭಾಳ ದಿನ ಇರ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡ.

ಆಕೆ ಕಾಯುತ್ತಿರುತ್ತಾಳೆ ಎಂದು ಮೆಟ್ಟಿಲಿಳಿದು ಹೋದ. ನಾನು ಪುಸ್ತಕವನ್ನು ಮೇಜಿನಿಂದ ತೆಗೆದು, ಅವನಿಗೆ ಕಾಣದ ಹಾಗೆ ಒಳಗಿನ ಕಪಾಟಿನಲ್ಲಿಟ್ಟೆ.